ಆಟದಿಂದ ಎತ್ತಿಟ್ಟ ಮದ್ದಿನ ಡಬ್ಬಿಗಳು

ಡೂಮ್ ಅನ್ನೋ ಕಂಪ್ಯೂಟರ್ ಶೂಟಿಂಗ್ ಆಟದೊಳಗೆ ಒಂದು ಸಾಲಿದೆ. ಮೂಲ ಆಟ ಆಡಿದ ಒಬ್ಬರೂ ಅದನ್ನು ತೆರೆಯ ಮೇಲೆ ನೋಡಿಲ್ಲ. ನೋಡೋಕೆ ಸಾಧ್ಯವೇ ಇಲ್ಲದ ಹಾಗೆ ಅದು ಒಳಗೆ ಕೂತಿದೆ.

1993ರ ಡಿಸೆಂಬರ್‌ನಲ್ಲಿ ಐಡಿ ಸಾಫ್ಟ್‌ವೇರ್ ಬಿಟ್ಟ ಈ ಆಟದಲ್ಲಿ ಅಲ್ಲಲ್ಲಿ ನೆಲದ ಮೇಲೆ ಮೆಡಿಕಿಟ್ ಬಿದ್ದಿರುತ್ತದೆ. ಬಿಳಿ ಪೆಟ್ಟಿಗೆ, ಮೇಲೆ ಕೆಂಪು ಪ್ಲಸ್. ಅದರ ಮೇಲೆ ನಡೆದುಹೋದರೆ ಹೆಲ್ತ್, ಅಂದರೆ ಆಡುವವನಲ್ಲಿ ಉಳಿದಿರೋ ಪ್ರಾಣದ ಲೆಕ್ಕ, 25 ಏರುತ್ತದೆ, ಮೂಲೆಯಲ್ಲಿ ಮೆಡಿಕಿಟ್ ಸಿಕ್ಕಿತು ಅಂತ ಸಣ್ಣ ಅಕ್ಷರದಲ್ಲಿ ಬರುತ್ತದೆ. ಇನ್ನೇನು ಸಾಯ್ತೀವಿ ಅನ್ನೋ ಹೊತ್ತಿನಲ್ಲಿ, ಅಂದರೆ ಹೆಲ್ತ್ 25ಕ್ಕಿಂತ ಕಡಿಮೆ ಇದ್ದಾಗ ಸಿಕ್ಕರೆ, ಬೇರೆ ಸಾಲು ಬರಲಿ ಅಂತ ಆಟ ಮಾಡಿದವರು ಬರೆದಿಟ್ಟಿದ್ದರು. ನಿನಗೆ ನಿಜವಾಗಲೂ ಬೇಕಾಗಿದ್ದ ಮೆಡಿಕಿಟ್ ಸಿಕ್ಕಿತು ಅನ್ನೋ ಅರ್ಥದ ಸಾಲು. ಆದರೆ ಕೋಡ್ ಮೊದಲು 25 ಕೂಡಿಸುತ್ತದೆ. ಆಮೇಲೆ ಹೆಲ್ತ್ 25ಕ್ಕಿಂತ ಕಡಿಮೆ ಇದೆಯಾ ಅಂತ ನೋಡುತ್ತದೆ. ಒಂದೇ ಒಂದು ಉಳಿದಿದ್ದರೂ ಅಷ್ಟು ಹೊತ್ತಿಗೆ ಅದು 26 ಆಗಿರುತ್ತದೆ. ಮುಗೀತು, ಆ ಸಾಲಿಗೆ ಹೊರಗೆ ಬರುವ ದಾರಿಯೇ ಇಲ್ಲ.

1997ರ ಡಿಸೆಂಬರ್‌ನಲ್ಲಿ ಆಟದ ಸೋರ್ಸ್ ಕೋಡ್ ಬಿಟ್ಟಮೇಲೆ ಯಾರು ಬೇಕಾದರೂ ಇದನ್ನು ತೆರೆದು ನೋಡಬಹುದು. ಆ ಕೋಡ್ ಹಿಡಿದು ಆಮೇಲೆ ಮಾಡಿದ ಕೆಲವು ಪೋರ್ಟ್‌ಗಳಲ್ಲಿ, ಅಂದರೆ ಹೊಸ ಆವೃತ್ತಿಗಳಲ್ಲಿ, ಸರಿಪಡಿಸಿದ್ದಾರೆ. ನನಗೇನೋ ಸರಿಪಡಿಸದೆ ಬಿಟ್ಟಿದ್ದರೇ ಚೆನ್ನಾಗಿತ್ತು ಅನಿಸುತ್ತದೆ.

ಇಂಥವುಗಳ ಹುಚ್ಚು ನನಗೆ ಜಾಸ್ತಿ. ಹಗಲೆಲ್ಲ ಮೈಸೂರಿನ ಹೆಬ್ಬಾಳದ ಕಡೆ ಆಫೀಸಿನಲ್ಲಿ ಕೂತು ಬೇರೆಯವರು ಬರೆದ ಕೋಡ್ ಓದೋದು, ರಾತ್ರಿ ಊಟ ಆದಮೇಲೆ ಮತ್ತೆ ಲ್ಯಾಪ್‌ಟಾಪ್ ತೆಗೆದು ಹಳೇ ಆಟಗಳ ಕೋಡ್ ಓದೋದು. ಮನೆಯಲ್ಲಿ ಬೈಯ್ತಾರೆ. ಬೈಯಲಿ. ಅದರಲ್ಲೂ ನಾನು ಹುಡುಕೋದು ಒಂದು ಜಾತಿಯ ವಸ್ತುಗಳನ್ನ: ಹೆಲ್ತ್ ಕೊಡೋಕೆ ಅಂತ ಮಾಡಿ, ಆಮೇಲೆ ಬೇಡ ಅಂತ ಎತ್ತಿಟ್ಟ ಐಟಂಗಳು. ಬಂದೂಕು ಎತ್ತಿಟ್ಟಿದ್ದರ ಬಗ್ಗೆ, ರಾಕ್ಷಸರನ್ನು ಕೈಬಿಟ್ಟಿದ್ದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮದ್ದಿನ ಡಬ್ಬಿ ತೆಗೆದಿದ್ದನ್ನು ಕೇಳೋರಿಲ್ಲ. ಆದರೆ ಆಟ ಎಂಥದ್ದು ಅಂತ ತಿಳಿಯೋದು ಅಲ್ಲೇ.

ಯಾಕೆ ಅಂತೀರಾ? ಹೆಲ್ತ್ ಕಿಟ್ ಇಡೋದು ಆಡುವವನನ್ನು ಉಳಿಸೋಕೆ ಅನ್ನೋದು ಅರ್ಧ ಮಾತ್ರ ನಿಜ. ಅವನನ್ನು ಇದ್ದ ಜಾಗದಿಂದ ಎಬ್ಬಿಸೋಕೆ ಇಡುತ್ತಾರೆ. ಡೂಮ್‌ನಲ್ಲಿ ನಿಮ್ಮ ಹೆಲ್ತ್ 100 ಇದ್ದಾಗ ಮೆಡಿಕಿಟ್ ಕೈಗೆ ಬರಲ್ಲ, ಅಲ್ಲೇ ಬಿದ್ದಿರುತ್ತದೆ. ನೀವು ಮುಂದೆ ಹೋಗಿ ಏಟು ತಿಂದಮೇಲೆ ನೆನಪಾಗುತ್ತದೆ, ಅರೆ, ಆ ಹಸಿರು ನೀರಿನ ಪಕ್ಕದ ಕೋಣೆಯಲ್ಲಿ ಒಂದು ಇತ್ತಲ್ವಾ ಅಂತ. ಈಗ ವಾಪಸ್ ಹೋಗಬೇಕು. ಹೋಗೋ ದಾರಿಯಲ್ಲಿ ಏನಿದೆಯೋ. ಆ ಒಂದು ಪೆಟ್ಟಿಗೆ ಇಡೀ ನಕ್ಷೆಯನ್ನು ನಿಮ್ಮ ತಲೆಯಲ್ಲಿ ಕೂರಿಸುತ್ತದೆ. ಅದನ್ನು ತೆಗೆದರೆ 25 ಹೆಲ್ತ್ ಅಷ್ಟೇ ಹೋಗಲ್ಲ, ಆ ನಡಿಗೆಯೂ ಹೋಗುತ್ತದೆ.

ಡೂಮ್‌ನ ನೀಲಿ ಸೀಸೆ ನೆನಪಿದೆಯಾ? ಒಂದಕ್ಕೆ ಒಂದೇ ಹೆಲ್ತ್. ಒಂದು! ಆದರೆ ಇದು 100ಕ್ಕೆ ನಿಲ್ಲಲ್ಲ, 200ರವರೆಗೆ ಏರಿಸುತ್ತದೆ, ಅದಕ್ಕೇ ಸುಮ್ನೆ ಮೂಲೆಮೂಲೆಗೂ ಹೋಗಿ ಆರಿಸುತ್ತೇವೆ. ಇದರ ವಂಶ ಸ್ವಲ್ಪ ವಿಚಿತ್ರ. ಆಟ ಬಿಡುಗಡೆಗೂ ಮುಂಚೆ, 1993ರ ಅಕ್ಟೋಬರ್‌ನಲ್ಲಿ, ಪತ್ರಿಕೆಯವರಿಗೆ ಅಂತ ಒಂದು ಅರೆಬೆಂದ ಆವೃತ್ತಿ ಕೊಟ್ಟಿದ್ದರು. ಅದರಲ್ಲಿ ಇನ್ನೂ ಸ್ಕೋರ್ ಇತ್ತು. ಸ್ಕೋರ್ ಹೆಚ್ಚಿಸೋಕೆ ನೆಲದ ಮೇಲೆ ಕಠಾರಿ, ತಲೆಬುರುಡೆಯ ಪೆಟ್ಟಿಗೆ, ದುಷ್ಟ ರಾಜದಂಡ, ಅಪವಿತ್ರ ಬೈಬಲ್ ಅಂತೆಲ್ಲ ವಸ್ತುಗಳು ಬಿದ್ದಿರುತ್ತಿದ್ದವು. ಕೊನೆಗೆ ಸ್ಕೋರನ್ನೇ ತೆಗೆದರು, ಈ ವಸ್ತುಗಳೂ ಹೋದವು. ಆದರೆ ನಂಬರ್ ಉಳಿದುಬಿಟ್ಟಿತು. ಆಟದ ಪ್ರತಿ ವಸ್ತುವಿಗೂ ಒಂದು ನಂಬರ್ ಇದೆ. ನೀಲಿ ಸೀಸೆ 2014, ಕವಚ ಒಂದೊಂದೇ ಹೆಚ್ಚಿಸೋ ಟೋಪಿ 2015, ಆಮೇಲೆ ಹಸಿರು ಕವಚ 2018. ವಠಾರದಲ್ಲಿ ಹನ್ನೆರಡನೇ ಮನೆ ಆದಮೇಲೆ ನೇರ ಹದಿನೈದನೇ ಮನೆ ಬಂದ ಹಾಗೆ. ಖಾಲಿ ಇರೋ 2016, 2017 ಆ ರಾಜದಂಡ ಮತ್ತು ಬೈಬಲ್ ಇದ್ದ ಜಾಗ. ಸೀಸೆಯ ಚಿತ್ರದ ಫೈಲ್ ಹೆಸರೂ ಆ ಅಂಕದ ವಸ್ತುಗಳಿಗೆ ಇಟ್ಟ ಬೋನಸ್ ಸಾಲಿನದ್ದೇ. ಅಂದರೆ ಅಂಕ ಕೊಡೋ ವಸ್ತುಗಳ ಮನೆತನದಲ್ಲಿ ಉಳಿದುಕೊಂಡಿದ್ದು ಹೆಲ್ತ್ ಕೊಡೋದು ಮತ್ತು ಕವಚ ಕೊಡೋದು ಮಾತ್ರ. ಅಂಕಕ್ಕೋಸ್ಕರ ಮೂಲೆ ಹುಡುಕೋ ಆಸೆಯನ್ನು ಒಂದೊಂದು ಹನಿ ಪ್ರಾಣಕ್ಕೋಸ್ಕರ ಹುಡುಕೋ ಆಸೆಗೆ ತಿರುಗಿಸಿದರು. ಬಹಳ ಜಾಣತನದ ಕೆಲಸ ಅಂತ ನನ್ನ ಅಭಿಪ್ರಾಯ.

ಅದಕ್ಕೂ ಮುಂಚಿನ ವುಲ್ಫನ್‌ಸ್ಟೈನ್ 3ಡಿಯಲ್ಲಿ, ಅದು 1992, ಊಟವೂ ಇತ್ತು. ಕೋಳಿ ಊಟಕ್ಕೆ 10, ಫಸ್ಟ್ ಏಡ್ ಪೆಟ್ಟಿಗೆಗೆ 25, ನಾಯಿಗೆ ಇಟ್ಟ ತಟ್ಟೆಗೆ 4. ಹೆಲ್ತ್ 10ಕ್ಕೆ ಇಳಿದಿದ್ದರೆ ನೆಲದ ಮೇಲಿನ ರಕ್ತದಿಂದಲೂ 1 ಸಿಗುತ್ತಿತ್ತು. ಅಸಹ್ಯ, ಆದರೆ ಎಷ್ಟು ಕೆಳಗೆ ಇಳಿದಿದ್ದೀಯ ಅಂತ ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ. ಆ ಆಟದಿಂದ ಕೈಬಿಟ್ಟಿದ್ದು ಬೇರೆ: 1981ರ ಮೂಲ ಕ್ಯಾಸಲ್ ವುಲ್ಫನ್‌ಸ್ಟೈನ್‌ನಲ್ಲಿ ಇದ್ದ ಹಾಗೆ ಸತ್ತ ಕಾವಲುಗಾರರ ಜೇಬು ತಡಕೋದು, ಅದರ ಜೊತೆಗೆ ಹೆಣ ಎಳೆದು ಬಚ್ಚಿಡೋದು. ಇದನ್ನೆಲ್ಲ ಮಾಡಿ ನೋಡಿ, ಓಟದ ವೇಗಕ್ಕೆ ಅಡ್ಡ ಬರುತ್ತೆ ಅಂತ ತೆಗೆದರು. ಬಗ್ಗಿ ಹುಡುಕೋದು ಹೋಯಿತು, ಓಡ್ತಾ ಓಡ್ತಾ ತುಳಿದು ತಗೊಳ್ಳೋದು ಉಳಿಯಿತು. ಆಮೇಲಿನ ಹತ್ತು ವರ್ಷದ ಶೂಟಿಂಗ್ ಆಟಗಳೆಲ್ಲ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಹೋದವು.

ಮೈಸೂರಿನ ಸೈಬರ್‌ಗಳಲ್ಲಿ ಕ್ವೇಕ್ 3 ಆಡಿದವರು ಇದನ್ನು ಓದುತ್ತಿದ್ದರೆ ಮುಂದಿನ ಮಾತು ನಿಮಗೇ. ಸರಸ್ವತಿಪುರಂ, ಕುವೆಂಪುನಗರದ ಕಡೆ ಆಗ ಬೀದಿಗೊಂದು ಸೈಬರ್. ಹೊರಗೆ ಜೆರಾಕ್ಸ್, ಎಸ್‌ಟಿಡಿ, ಒಳಗೆ ಪ್ಲೈವುಡ್ ಗೂಡುಗಳು. ಇಂಟರ್‌ನೆಟ್‌ಗೆ ಬಂದವರಿಗಿಂತ ಲ್ಯಾನ್‌ನಲ್ಲಿ, ಅಂದರೆ ಅಲ್ಲಿನ ಕಂಪ್ಯೂಟರ್‌ಗಳನ್ನೇ ಒಂದಕ್ಕೊಂದು ಜೋಡಿಸಿ, ಆಡೋಕೆ ಬಂದ ಕಾಲೇಜು ಹುಡುಗರೇ ಜಾಸ್ತಿ. ಅಲ್ಲಿ ಚೆನ್ನಾಗಿ ಆಡ್ತಿದ್ದವರ ಗುಟ್ಟು ಗುರಿಯಲ್ಲಿ ಇರಲಿಲ್ಲ. ಎತ್ತಿಕೊಂಡ ಹೆಲ್ತ್ ಎಷ್ಟು ಹೊತ್ತಿಗೆ ಮತ್ತೆ ಹುಟ್ಟುತ್ತೆ ಅಂತ ಅವರ ತಲೆಯಲ್ಲಿ ಗಡಿಯಾರ ಓಡ್ತಿತ್ತು. ಹೆಲ್ತ್ 35 ಸೆಕೆಂಡ್. 100 ಕೊಡೋ ಮೆಗಾ ಹೆಲ್ತ್ ಕೂಡ 35 ಸೆಕೆಂಡ್. ನೀವು ಅಲ್ಲಿಗೆ ಹೋಗೋ ಹೊತ್ತಿಗೆ ಅವನು ರಾಕೆಟ್ ಹಿಡಿದು ನಿಂತಿರ್ತಿದ್ದ.

2005ರಲ್ಲಿ ಆ ಆಟದ ಕೋಡ್ ಹೊರಗೆ ಬಂದಾಗ ನೋಡಿದರೆ, ಮೆಗಾ ಹೆಲ್ತ್ ಸಾಲಿನಲ್ಲಿ 35 ಅಂತ ಬರೆದು, ಪಕ್ಕದಲ್ಲೇ ಎರಡು ಓರೆ ಗೀಟು ಹಾಕಿ 120 ಅಂತ ಬಿಟ್ಟಿದ್ದಾರೆ. ಗೀಟಿನ ಆಚೆಗಿದ್ದದ್ದನ್ನು ಕಂಪ್ಯೂಟರ್ ಲೆಕ್ಕಕ್ಕೆ ತಗೊಳ್ಳಲ್ಲ. ಕೋಡ್ ಬರೆಯೋರಿಗೆ ಗೊತ್ತು, ಇದು ಹಳೇ ಬೆಲೆ, ಬೇಕಾದರೆ ವಾಪಸ್ ಹಾಕೋಣ ಅಂತ ಪಕ್ಕಕ್ಕೆ ಸರಿಸಿ ಇಟ್ಟಿದ್ದು. ಎರಡು ನಿಮಿಷಕ್ಕೊಮ್ಮೆ ಬರೋ ಮೆಗಾ ಹೆಲ್ತ್ ಇದ್ದಿದ್ದರೆ ಅದು ಹಬ್ಬ, ಎಲ್ಲರೂ ಒಂದೇ ಸಲ ಅಲ್ಲಿಗೆ ನುಗ್ಗುತ್ತಿದ್ದರು. 35 ಸೆಕೆಂಡ್ ಅಂದರೆ ದಿನಚರಿ, ಇಡೀ ಆಟ ಅದರ ಸುತ್ತ ಗಾಣ ಸುತ್ತುತ್ತದೆ. ಒಂದು ನಂಬರ್ ಬದಲಾಯಿಸಿದ್ದಕ್ಕೆ ನಮ್ಮ ಸೈಬರ್‌ನ ಸಂಜೆಗಳ ರೀತಿಯೇ ಬೇರೆ ಆಯಿತು ಅಂತ ಯೋಚಿಸಿದರೆ ಖುಷಿಯಾಗುತ್ತದೆ.

ಈಗ ನನ್ನ ಅಚ್ಚುಮೆಚ್ಚಿನ ಐಟಂ. ಹಾಫ್-ಲೈಫ್ ಆಟದ ವಿಷಹಾರಿ ಮದ್ದು, ಆಂಟಿಡೋಟ್.

ಹಾಫ್-ಲೈಫ್ 1997ರಲ್ಲೇ ಬರಬೇಕಿತ್ತು. ಅದನ್ನು ಮಾಡ್ತಿದ್ದ ವಾಲ್ವ್ ಕಂಪನಿಯವರು ತಾವು ಮಾಡಿದ್ದು ತಮಗೇ ಹಿಡಿಸದೆ, ಒಂದು ವರ್ಷ ಮುಂದೆ ಹಾಕಿ, ಬಹುಪಾಲು ಮತ್ತೆ ಕಟ್ಟಿದರು. 1998ರ ನವೆಂಬರ್‌ನಲ್ಲಿ ಬಂದ ಆಟದಲ್ಲಿ ಹೆಲ್ತ್ ಸಿಗೋದು ಮುಖ್ಯವಾಗಿ ಎರಡು ಕಡೆ. ನೆಲದ ಮೇಲಿನ ಕಿಟ್, ಸಾಮಾನ್ಯವಾಗಿ 15, ಕಷ್ಟದ ಮಟ್ಟದಲ್ಲಿ 10. ಮತ್ತೆ ಗೋಡೆಗೆ ಬಡಿದ ಯಂತ್ರ, ಗುಂಡಿ ಒತ್ತಿ ಹಿಡಿದುಕೊಂಡು ನಿಲ್ಲಬೇಕು, ಸುಲಭದಲ್ಲಿ 50 ಕೊಡುತ್ತೆ, ಕಷ್ಟದಲ್ಲಿ 25ಕ್ಕೇ ಒಣಗಿಹೋಗುತ್ತೆ. ಆ ಯಂತ್ರದ ಗುಂಯ್ ಅನ್ನೋ ಸದ್ದು ಗೊತ್ತಿರೋರಿಗೆ ಗೊತ್ತು. ಆದರೆ ಮಾಡ್ ಮಾಡುವವರಿಗೆ, ಅಂದರೆ ಆಟವನ್ನು ತಮಗೆ ಬೇಕಾದ ಹಾಗೆ ಬದಲಾಯಿಸೋರಿಗೆ, ಅಂತ ವಾಲ್ವ್ ಕೊಟ್ಟ ಕೋಡ್ ತೆರೆದರೆ ಮೂರನೆಯದೂ ಒಂದಿದೆ. ಆಂಟಿಡೋಟ್. ಅದಕ್ಕೆ ಮಾಡಿದ ಮಾಡೆಲ್ ಆಟದ ಫೈಲ್‌ಗಳಲ್ಲಿ ಹಾಗೇ ಇದೆ. ಎತ್ತಿಕೊಂಡರೆ ಲೆಕ್ಕಕ್ಕೆ ಒಂದು ಸೇರುತ್ತದೆ. ವಿಷ ಏರುತ್ತಿರುವಾಗ ನಿಮ್ಮ ಹತ್ತಿರ ಒಂದಿದ್ದರೆ ಆಟದ ನಾಯಕ ಹಾಕಿಕೊಂಡಿರೋ ರಕ್ಷಣಾ ಸೂಟ್ ತಾನೇ ಅದನ್ನು ಚುಚ್ಚಿ, ವಿಷ ಇಳಿಸಿ, ಲೆಕ್ಕದಿಂದ ಒಂದು ಕಳೆಯುತ್ತದೆ. ಮದ್ದು ಕೊಟ್ಟಾಯಿತು ಅಂತ ಹೇಳೋಕೆ ಸೂಟಿನ ದನಿಯನ್ನೂ ರೆಕಾರ್ಡ್ ಮಾಡಿದ್ದರು. ಎಲ್ಲ ತಯಾರು. ಆದರೆ ಬಿಡುಗಡೆಯಾದ ಆಟದ ಯಾವ ಮೂಲೆಯಲ್ಲೂ ಆ ಮದ್ದು ಬಿದ್ದಿಲ್ಲ.

ಯಾಕೆ ಕೈಬಿಟ್ಟರು ಅನ್ನೋದಕ್ಕೆ ನನ್ನ ಊಹೆ ಅದೇ ಕೋಡ್‌ನ ಪಕ್ಕದ ಸಾಲುಗಳಲ್ಲಿದೆ. ಏಟು ಬಿದ್ದಮೇಲೂ ನಿಧಾನಕ್ಕೆ ಕಾಡುತ್ತಾ ಇರೋ ಎಂಟು ಬಗೆಯ ತೊಂದರೆಗಳನ್ನು ಅಲ್ಲಿ ಪಟ್ಟಿ ಮಾಡಿದ್ದಾರೆ. ಮೈ ಜೋಮು ಹಿಡಿಯೋದು, ನರದ ಗ್ಯಾಸ್, ವಿಷ, ವಿಕಿರಣ, ಮುಳುಗಿ ಎದ್ದಮೇಲಿನ ಸುಸ್ತು, ಆಸಿಡ್, ನಿಧಾನಕ್ಕೆ ಸುಡೋದು, ನಿಧಾನಕ್ಕೆ ಹೆಪ್ಪುಗಟ್ಟೋದು. ಎಂಥ ಪಟ್ಟಿ ನೋಡಿ! ಆದರೆ ಒಂದೊಂದಾಗಿ ಕೆಳಗೆ ಹೋದರೆ ಹೆಚ್ಚಿನ ಕಡೆ ನಿಜವಾಗಿ ಏಟು ಕೊಡೋ ಸಾಲನ್ನು ಗೀಟು ಎಳೆದು ನಿಲ್ಲಿಸಿದ್ದಾರೆ. ಜೋಮು ಹಿಡಿದಾಗ ನಡಿಗೆ ಅರ್ಧ ವೇಗಕ್ಕೆ ಇಳೀಬೇಕು ಅಂತ ಒಂದು ಟಿಪ್ಪಣಿ ಇದೆ, ಮಾಡಿಲ್ಲ ಅಂತಲೂ ಅವರೇ ಬರೆದಿದ್ದಾರೆ. ಎಂಟರಲ್ಲಿ ಜೀವ ಇಟ್ಟುಕೊಂಡಿರೋದು ವಿಷ ಮತ್ತು ಮುಳುಗಿ ಎದ್ದಿದ್ದು. ಅದರಲ್ಲೂ ಆಟದೊಳಗೆ ವಿಷ ಏರುವ ಸಂದರ್ಭ ತೀರಾ ಕಡಿಮೆ. ರೋಗವನ್ನೇ ಎತ್ತಿಟ್ಟಮೇಲೆ ಮದ್ದು ಇಟ್ಟುಕೊಂಡು ಏನು ಮಾಡೋದು?

ಇನ್ನೊಂದು ಕಾರಣವೂ ಹೊಳೆಯುತ್ತದೆ. ಸೂಟ್ ತಾನೇ ಚುಚ್ಚುತ್ತೆ ಅಂದಮೇಲೆ ಆಡುವವನಿಗೆ ಯೋಚಿಸೋ ಕೆಲಸವೇ ಇಲ್ಲ. ಇದ್ದರೆ ಬಚಾವ್, ಇಲ್ಲದಿದ್ದರೆ ಇಲ್ಲ. ಕ್ವೇಕ್ 3ರಲ್ಲೂ ಒಂದು ಮೆಡ್‌ಕಿಟ್ ಇದೆ, ಜೊತೆಗೆ ಇಟ್ಟುಕೊಂಡು ಬೇಕಾದಾಗ ಬಟನ್ ಒತ್ತಿ ಬಳಸೋದು. ಈಗ ಬಳಸಲಾ, ಇನ್ನೂ ಸ್ವಲ್ಪ ತಡೀಲಾ ಅನ್ನೋ ಒದ್ದಾಟದಲ್ಲೇ ಅದರ ಮಜಾ. ಆ ಒದ್ದಾಟ ಆಂಟಿಡೋಟ್‌ನಲ್ಲಿ ಇರಲಿಲ್ಲ. ನಡೆಸೋದೂ ಇಲ್ಲ, ಯೋಚಿಸೋ ಹಾಗೆ ಮಾಡೋದೂ ಇಲ್ಲ. ನನಗೆ ಎಷ್ಟೇ ಇಷ್ಟವಾದರೂ, ತೆಗೆದಿದ್ದು ಸರಿ.

ಆದರೆ ಆ ಮುಳುಗಿ ಎದ್ದಿದ್ದರ ವಿಷಯ ಗಮನಿಸಿ. ಹಾಫ್-ಲೈಫ್‌ನಲ್ಲಿ ಉಸಿರು ಕಟ್ಟಿ ಹೋದ ಹೆಲ್ತ್, ನೀರಿಂದ ಮೇಲೆ ಬಂದಮೇಲೆ ತಾನಾಗಿ ಸ್ವಲ್ಪ ಸ್ವಲ್ಪ ವಾಪಸ್ ಬರುತ್ತೆ. ಏನೂ ಎತ್ತಿಕೊಳ್ಳಬೇಕಿಲ್ಲ, ಸುಮ್ನೆ ನಿಂತರೆ ಸಾಕು. 2004ರ ಹಾಫ್-ಲೈಫ್ 2ರಲ್ಲಿ ಕಪ್ಪು ಹೆಡ್‌ಕ್ರ್ಯಾಬ್ ಅನ್ನೋ ಪ್ರಾಣಿ ಕಚ್ಚಿದರೆ ಹೆಲ್ತ್ ನೇರ 1ಕ್ಕೆ ಬೀಳುತ್ತದೆ, ಎದೆ ಧಸಕ್ ಅನ್ನುತ್ತೆ, ಆಮೇಲೆ ಸೂಟೇ ಮದ್ದು ಕೊಟ್ಟು ನಿಧಾನಕ್ಕೆ ಏರಿಸುತ್ತದೆ. ಮೊದಲ ಆಟದಲ್ಲಿ ನೆಲದ ಮೇಲೆ ಜಾಗ ಸಿಗದ ಆಂಟಿಡೋಟ್ ಇಲ್ಲಿ ವಸ್ತುವೇ ಇಲ್ಲದೆ ಕೆಲಸಕ್ಕೆ ಸೇರಿಕೊಂಡಿದೆ. ಹುಡುಕೋ ಜಾಗಕ್ಕೆ ಕಾಯೋದು ಬಂತು.

ಅದೇ ಹೊತ್ತಿಗೆ ಬೇರೆಯವರು ಡಬ್ಬಿಯನ್ನೇ ಬೇಡ ಅಂದರು. 2001ರ ಮೊದಲ ಹೇಲೋದಲ್ಲಿ ಶೀಲ್ಡ್ ಜೊತೆಗೆ ಹೆಲ್ತ್ ಪ್ಯಾಕ್ ಇತ್ತು, 2004ರ ಹೇಲೋ 2ರಲ್ಲಿ ಇಲ್ಲ. 2003ರ ಕಾಲ್ ಆಫ್ ಡ್ಯೂಟಿಯಲ್ಲಿ ಇತ್ತು, 2005ರ ಎರಡನೆಯದರಲ್ಲಿ ಇಲ್ಲ. ಏಟು ಬಿದ್ದರೆ ಗೋಡೆ ಹಿಂದೆ ಬಗ್ಗಿ ಕೂತುಕೋ, ತೆರೆ ಕೆಂಪಾಗಿದ್ದು ತಿಳಿಯಾಗುತ್ತೆ, ಮತ್ತೆ ಎದ್ದು ಹೊಡಿ. ಇದರಲ್ಲಿ ಅನುಕೂಲ ಇಲ್ಲ ಅಂತ ಹೇಳಲ್ಲ. ಪ್ರತಿ ಗಲಾಟೆಗೂ ಆಡುವವನು ಪೂರ್ತಿ ಹೆಲ್ತ್ ಇಟ್ಟುಕೊಂಡೇ ಬರ್ತಾನೆ ಅಂತ ಗೊತ್ತಿದ್ದರೆ ಮಾಡುವವರಿಗೆ ಲೆಕ್ಕ ಸುಲಭ. ಹಿಂದಿನ ಕೋಣೆಯಲ್ಲಿ ಹೆಲ್ತ್ 7 ಇದ್ದಾಗ ಸೇವ್ ಮಾಡಿ ಸಿಕ್ಕಿಹಾಕಿಕೊಳ್ಳೋ ಕಷ್ಟವೂ ಇಲ್ಲ. ಆದರೂ ನನಗೆ ಆ ಗೋಡೆ ಹಿಂದೆ ಕೂರೋದು ಬೇಜಾರು. ನೋಡೋಕೆ ಏನಿದೆ ಅಲ್ಲಿ, ಗೋಡೆ. ಮುಂದೆ ಬಂದ ಹೇಲೋ 3: ಓಡಿಎಸ್‌ಟಿ, ರೀಚ್ ಎರಡರಲ್ಲೂ ಹೆಲ್ತ್ ಪ್ಯಾಕ್ ವಾಪಸ್ ತಂದರು ಅನ್ನೋದು ನನ್ನ ಪಕ್ಷಕ್ಕೆ ಒಂದು ಸಾಕ್ಷಿ ಅಂತ ಬರೆದುಕೊಂಡಿದ್ದೇನೆ.

ಇನ್ನೂ ದೊಡ್ಡ ಸಾಕ್ಷಿ ಡೂಮ್‌ದೇ. 2008ರಲ್ಲಿ ಡೂಮ್ 4 ಅಂತ ಘೋಷಣೆ ಮಾಡಿದರು, ಮಾಡ್ತಾ ಮಾಡ್ತಾ ಅದು ಕಾಲ್ ಆಫ್ ಡ್ಯೂಟಿ ಥರ ಆಗ್ತಿದೆ ಅಂತ ಅವರಿಗೇ ಅನಿಸಿ ಬಿಸಾಕಿ ಮತ್ತೆ ಶುರು ಮಾಡಿದರು. 2016ರಲ್ಲಿ ಬಂದ ಡೂಮ್‌ನಲ್ಲಿ ನೆಲದ ಮೇಲಿನ ಕಿಟ್ ಇದೆ, ಅದರ ಜೊತೆಗೆ ತೂರಾಡ್ತಾ ನಿಂತ ರಾಕ್ಷಸನ ಹತ್ತಿರಕ್ಕೆ ಹೋಗಿ ಕೈಯಾರೆ ಮುಗಿಸಿದರೆ ಅವನ ಮೈಯಿಂದಲೂ ಹೆಲ್ತ್ ಸಿಡಿದು ಬೀಳುತ್ತೆ. ಸಾಯ್ತಾ ಇದ್ದೀಯಾ? ಹಾಗಾದರೆ ಮುಂದೆ ನುಗ್ಗು. ಇಪ್ಪತ್ತೆರಡು ವರ್ಷ ಆದಮೇಲೂ ಅದೇ ಕೆಲಸ, ಎಬ್ಬಿಸಿ ನಡೆಸೋದು.

ನಡುವೆ ಒಂದು ಮಾತು. ಆ ಬಿಳಿ ಪೆಟ್ಟಿಗೆಯ ಮೇಲಿನ ಕೆಂಪು ಪ್ಲಸ್ ಕೂಡ ಕತ್ತರಿಗೆ ಸಿಕ್ಕಿದೆ. ಅದು ರೆಡ್ ಕ್ರಾಸ್ ಸಂಸ್ಥೆಯ ಗುರುತು, ಯುದ್ಧದಲ್ಲಿ ಗಾಯಾಳುಗಳನ್ನು ಕಾಪಾಡುವವರಿಗೆ ಅಂತ 1864ರ ಜಿನೀವಾ ಒಪ್ಪಂದದಲ್ಲಿ ಕೊಟ್ಟಿದ್ದು. ಆಟಗಳಲ್ಲಿ ಇದನ್ನು ಬಳಸಬೇಡಿ ಅಂತ ಕೆನಡಾದ ರೆಡ್ ಕ್ರಾಸ್ 2006ರಲ್ಲಿ ಕೇಳಿಕೊಂಡಿತು. 2012ರ ಡೂಮ್ 3 ಬಿಎಫ್‌ಜಿ ಎಡಿಷನ್ ಜೊತೆ ಬಂದ ಹಳೇ ಡೂಮ್‌ನಲ್ಲಿ ಪ್ಲಸ್ ಹೋಗಿ ಮಾತ್ರೆಯ ಚಿತ್ರ ಬಂದಿದೆ. ನಮ್ಮಲ್ಲೂ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಇದೆ, ಅಪ್ಪಣೆ ಇಲ್ಲದೆ ಆ ಗುರುತು ಹಾಕೋ ಹಾಗಿಲ್ಲ. ಅಗ್ರಹಾರದಿಂದ ಬಲ್ಲಾಳ್ ಸರ್ಕಲ್‌ವರೆಗೆ ಒಂದು ಸಲ ಕತ್ತು ಎತ್ತಿ ನೋಡಿಕೊಂಡು ಹೋಗಿ, ಕಾಯ್ದೆ ಎಷ್ಟು ಚಲಾವಣೆಯಲ್ಲಿದೆ ಅಂತ ಗೊತ್ತಾಗುತ್ತೆ.

ಮಂಡ್ಯದಲ್ಲಿ ನನ್ನ ಅಕ್ಕನ ಮನೆ. ಅವಳ ಮಗ ಬಿಜಿಎಂಐ ಅನ್ನೋ ಫೋನಿನ ಶೂಟಿಂಗ್ ಆಟ ಆಡೋ ಹುಡುಗ, 2021ರಲ್ಲಿ ಅದು ಬಂದಾಗಿಂದ ಫೋನ್ ಕೈಬಿಟ್ಟಿಲ್ಲ ಅಂತ ಅಕ್ಕನ ದೂರು. ನನಗೆ ಅವನ ಆಟದಲ್ಲಿ ಹಿಡಿಸೋದು ಹೆಲ್ತ್ ವ್ಯವಸ್ಥೆ. ಬ್ಯಾಂಡೇಜ್ ಒಂದಕ್ಕೆ 10, ಫಸ್ಟ್ ಏಡ್ ಕಿಟ್ 75ರವರೆಗೆ, ಪೂರ್ತಿ ಬೇಕಂದರೆ ಮೆಡ್ ಕಿಟ್. ಕಟ್ಟಿಕೊಳ್ಳೋ ಅಷ್ಟು ಹೊತ್ತು ಓಡೋ ಹಾಗಿಲ್ಲ, ಗುಂಡು ಹಾರಿಸೋ ಹಾಗಿಲ್ಲ. ಅಂದರೆ ಹುಡುಕೋದೂ ಇದೆ, ಹೊತ್ತುಕೊಂಡು ತಿರುಗೋದೂ ಇದೆ, ಕಾಯೋದೂ ಇದೆ, ಈಗಲಾ ಆಮೇಲಾ ಅನ್ನೋ ಒದ್ದಾಟವೂ ಇದೆ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಆಟದವರು ಎತ್ತಿಟ್ಟಿದ್ದೆಲ್ಲ ಒಂದೇ ಚೀಲಕ್ಕೆ ಬಂದು ಬಿದ್ದಿದೆ. ಇದನ್ನು ಅವನಿಗೆ ಹೇಳಿದರೆ, "ಅದ್ಕೇನೀಗ ಮಾಮ, ಕಿಟ್ ಅಂದ್ಮೇಲೆ ಟೈಮ್ ತಗಳ್ದೆ ಇರ್ತದಾ?" ಅಂದ. ತುಳಿದ ತಕ್ಷಣ ವಾಸಿಯಾಗೋ ಆಟ ಅವನಿಗೆ ಸುಳ್ಳು ಅನಿಸುತ್ತೆ.

ಹೋದ ಸಲ ಅವನು ಮೈಸೂರಿಗೆ ಬಂದಾಗ ಹಾಫ್-ಲೈಫ್ ಹಾಕಿಕೊಟ್ಟೆ. ಕಪ್ಪು ತೆರೆಯಲ್ಲಿ ಹಸಿರು ಅಕ್ಷರ ನೋಡಿ ನಕ್ಕ, ಆದರೆ ಕೂತ. ಚೀಟ್ ಆನ್ ಮಾಡಿ, ಆಟಕ್ಕೆ ಆದೇಶ ಟೈಪ್ ಮಾಡೋ ಕನ್ಸೋಲ್ ತೆರೆದು, ಗಿವ್ ಐಟಂ ಆಂಟಿಡೋಟ್ ಅಂತ ಟೈಪ್ ಮಾಡಿಸಿದೆ. ಕೊನೆಯ ಎರಡು ಪದಗಳನ್ನು ಅಂಡರ್‌ಸ್ಕೋರ್ ಹಾಕಿ ಸೇರಿಸಬೇಕು, ಯಾರಾದರೂ ಮಾಡಿ ನೋಡೋದಾದರೆ. ಕೊಟ್ಟ ತಕ್ಷಣ ಲೆಕ್ಕಕ್ಕೆ ಸೇರಿಬಿಡುತ್ತೆ. ಆಮೇಲೆ ಅವನು ಹೆಡ್‌ಕ್ರ್ಯಾಬ್ ಹತ್ತಿರ ಹೋಗಿ ಬೇಕಂತಲೇ ಕಚ್ಚಿಸಿಕೊಂಡ. ಮೊದಲ ಆಟದ ಹೆಡ್‌ಕ್ರ್ಯಾಬ್‌ಗೆ ವಿಷ ಇಲ್ಲ. ಹೆಲ್ತ್ ಇಳಿಯಿತು ಅಷ್ಟೇ, ಮದ್ದು ಇದ್ದಲ್ಲೇ ಇತ್ತು. ಇನ್ನೂ ಎರಡು ಮೂರು ಪ್ರಾಣಿಗಳ ಬಾಯಿಗೆ ಬಿದ್ದು ನೋಡಿ ತಿರುಗಿ ನನ್ನ ಮುಖ ನೋಡಿದ.

"ಮದ್ದೇನೋ ಸಿಕ್ತು ಮಾಮ, ಕಚ್ಚೋದ್ ಯಾವ್ದು?"